ಆಟಿಕೆಗಿಂತ ಮೊದಲು ಕೆದಕುವುದಕ್ಕೆ ನೆಲ ಕೊಡಿ

ನಿಮ್ಮ ಪ್ರಶ್ನೆ ಓದಿದೆ. ಹಿತ್ತಿಲಲ್ಲಿ ಜಾಲರಿ ಕಟ್ಟಿ ಆರು ಹೇಂಟೆ ಬಿಟ್ಟಿದ್ದೀರಿ. ಎರಡೇ ತಿಂಗಳಿಗೆ ನೆಲ ಬೋಳಾಗಿದೆ. ಕೋಳಿಗಳು ಮೂಲೆಯಲ್ಲಿ ಸುಮ್ನೆ ನಿಂತಿರುತ್ತವೆ, ಈಗ ಎಲ್ಲ ಸೇರಿ ಒಂದರ ಬೆನ್ನಿನ ಗರಿ ಕೀಳುವುದಕ್ಕೆ ಶುರು ಮಾಡಿವೆ. ಕನ್ನಡಿ, ಉಯ್ಯಾಲೆ ತರಲಾ ಅಂತ ಕೇಳಿದ್ದೀರಿ.

ತಂದರೆ ತಪ್ಪಿಲ್ಲ. ಆದರೆ ಮೊದಲು ನೆಲ ನೋಡಿ. ಕೋಳಿ ಸಾಕಿ ಎಂಟು ವರ್ಷವಾಯಿತು, ನಾನು ಕಂಡುಕೊಂಡಿದ್ದು ಇಷ್ಟೇ: ಕೋಳಿಯ ಬೇಸರಕ್ಕೆ ಮದ್ದು ಅದರ ಕಾಲ ಕೆಳಗೇ ಇರುತ್ತದೆ.

ನಾವು ಸಾಕುವ ಕೋಳಿಗಳ ಮೂಲ ಕೆಂಪು ಕಾಡುಕೋಳಿ. ಕಾಡಿನ ಅಂಚಲ್ಲಿ, ಪೊದೆಗಳ ಅಡಿಯಲ್ಲಿ ತರಗೆಲೆ ಕೆದಕಿಕೊಂಡು ಬದುಕುವ ಹಕ್ಕಿ. ಹಗಲಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಅದಕ್ಕೆ ಕೆದಕುವುದು, ಕುಕ್ಕುವುದು, ಇದೇ ಕೆಲಸ. ನಮ್ಮ ಕೋಳಿಗೂ ಆ ಆಸೆ ಹಾಗೇ ಇದೆ. ತಟ್ಟೆ ತುಂಬ ಆಹಾರ ಇಟ್ಟರೆ ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬುತ್ತದೆ, ಆದರೆ ಕೊಕ್ಕಿಗೆ ಕೆಲಸ ಸಿಗುವುದಿಲ್ಲ. ಬೋಳು ನೆಲದಲ್ಲಿ ಕುಕ್ಕುವುದಕ್ಕೆ ಏನಿರುತ್ತದೆ? ಪಕ್ಕದ ಕೋಳಿಯ ಗರಿ ಇರುತ್ತದೆ.

ಹಾಗಾಗಿ ಒಂದಷ್ಟು ಒಣ ತರಗೆಲೆ, ಒಣಹುಲ್ಲು, ಮರದ ಚೂರು, ಏನು ಸಿಗುತ್ತದೋ ಅದನ್ನು ತಂದು ಆವರಣದ ಮಧ್ಯ ರಾಶಿ ಹಾಕಿ. ನೀವು ಹರಡಬೇಡಿ. ಸಂಜೆಯೊಳಗೆ ಅವೇ ಹರಡುತ್ತವೆ. ನಾಲ್ಕರಿಂದ ಆರು ಇಂಚು ದಪ್ಪ ಇರಲಿ. ದಿನದ ಕಾಳಿನಲ್ಲಿ ಒಂದು ಹಿಡಿ ತೆಗೆದು ಅದರೊಳಗೆ ಎರಚಿ. ಆಮೇಲೆ ಹತ್ತು ನಿಮಿಷ ಅಲ್ಲೇ ಕೂತು ನೋಡಿ. ಬಲಗಾಲಲ್ಲಿ ಒಂದು ಸಲ, ಎಡಗಾಲಲ್ಲಿ ಒಂದು ಸಲ ಕೆದಕುತ್ತದೆ. ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ನೆಲ ನೋಡುತ್ತದೆ. ಟಕ್ ಅಂತ ಕುಕ್ಕುತ್ತದೆ. ಮತ್ತೆ ಶುರು. ಇದನ್ನು ನೋಡುತ್ತಾ ನನಗೆ ಇವತ್ತಿಗೂ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ.

ಬೂಷ್ಟು ಹಿಡಿದ ಹುಲ್ಲು ಮಾತ್ರ ಬೇಡವೇ ಬೇಡ, ಅದರ ಧೂಳು ಕೋಳಿಯ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆಯಾದ ಜಾಗ ತೆಗೆದು ಒಣದ್ದು ಹಾಕುತ್ತಿರಿ. ನೀರು ನಿಲ್ಲುವ ಕಡೆ ಸಣ್ಣ ಕಾಲುವೆ ತೋಡಿ. ಆಗಾಗ ಕುಕ್ಕರಗಾಲಲ್ಲಿ ಕೂತು, ಕೋಳಿಯ ತಲೆಯ ಮಟ್ಟದಲ್ಲಿ ಉಸಿರೆಳೆದುಕೊಂಡು ನೋಡಿ. ಮೂಗಿಗೆ ಘಾಟು ಹೊಡೆದರೆ ನೆಲ ಬದಲಿಸುವ ಹೊತ್ತಾಗಿದೆ ಅಂತ ತಿಳಿಯಿರಿ. ನಿಂತಾಗ ಆ ವಾಸನೆ ನಮಗೆ ಬರುವುದಿಲ್ಲ, ಅವು ಮಾತ್ರ ದಿನವಿಡೀ ಅದರಲ್ಲೇ ಇರುತ್ತವೆ.

ಎರಡನೆಯದು ಮಣ್ಣಿನ ಸ್ನಾನ. ಇದಿಲ್ಲದಿದ್ದರೆ ಉಳಿದ ಯಾವ ಅನುಕೂಲವೂ ಸಾಲದು ಅನ್ನುವಷ್ಟು ಮುಖ್ಯ ನನಗೆ. ಹಳೇ ಟಯರೋ, ಅಗಲ ಬಾಯಿಯ ಟಬ್ಬೋ ಸಾಕು. ಒಂದು ಅಡಿಯಷ್ಟು ಆಳ ಇರಲಿ. ಒಣ ಮಣ್ಣು, ಮರಳು, ಜೊತೆಗೆ ಜರಡಿ ಹಿಡಿದ ಸ್ವಲ್ಪ ಸೌದೆ ಬೂದಿ ಹಾಕಿ. ಬೂದಿ ಪೂರ್ತಿ ಆರಿರಬೇಕು, ಒಣಗಿರಬೇಕು. ಒದ್ದೆ ಬೂದಿ ಚರ್ಮ ಸುಡುತ್ತದೆ. ಬಣ್ಣ ಬಳಿದ ಮರದ ಬೂದಿ, ಕಲ್ಲಿದ್ದಲ ಬೂದಿ ಬೇಡ. ಮೇಲೊಂದು ತಗಡಿನ ಮಾಡು ಇರಲೇಬೇಕು. ನಾನು ಮೊದಲ ಸಲ ಮಾಡು ಇಲ್ಲದೆ ಇಟ್ಟಿದ್ದೆ. ಒಂದೇ ಮಳೆಗೆ ಮಣ್ಣು ಕೆಸರಾಗಿ, ಆಮೇಲೆ ಒಣಗಿ ಗಾರೆಯಂತೆ ಗಟ್ಟಿಯಾಯಿತು. ಕೋಳಿಗಳು ಅದನ್ನು ಬಿಟ್ಟು ಗಿಡದ ಬುಡ ತೋಡಿ ಬೇರನ್ನೆಲ್ಲ ಹೊರಗೆ ಹಾಕಿದವು.

ಈ ಸ್ನಾನವನ್ನು ಮೊದಲ ಸಲ ನೋಡುವವರು ಕೋಳಿಗೆ ಏನೋ ಆಗಿದೆ ಅಂತ ಹೆದರುತ್ತಾರೆ. ಅದು ಒಂದು ಮಗ್ಗುಲಿಗೆ ಒರಗಿ ರೆಕ್ಕೆ ಬಡಿಯುತ್ತದೆ. ಕಾಲಲ್ಲಿ ಮಣ್ಣು ಒದ್ದು ಗರಿಗಳ ಸಂದಿಗೆ ತುಂಬಿಕೊಳ್ಳುತ್ತದೆ. ಕಣ್ಣು ಅರೆ ಮುಚ್ಚಿ ಸತ್ತಂತೆ ಮಲಗುತ್ತದೆ. ಇಪ್ಪತ್ತು ನಿಮಿಷದ ಮೇಲೆ ಎದ್ದು ಒಮ್ಮೆ ಮೈ ಕೊಡವಿದರೆ ಸುತ್ತ ಧೂಳೋ ಧೂಳು. ಗರಿಯ ಮೇಲಿನ ಹಳೇ ಎಣ್ಣೆಯಂಶ ಆ ಮಣ್ಣಿನ ಜೊತೆ ಹೋಗುತ್ತದೆ, ಹೇನಿನ ಕಾಟವೂ ಕಮ್ಮಿಯಾಗುತ್ತದೆ. ಸಾಮಾನ್ಯವಾಗಿ ಎರಡು ದಿನಕ್ಕೊಮ್ಮೆ, ಹೆಚ್ಚಾಗಿ ಮಧ್ಯಾಹ್ನದ ಹೊತ್ತಿಗೆ ಹೊರಳುತ್ತವೆ. ಎರಡು ಮೂರು ಕೋಳಿ ಒಟ್ಟಿಗೇ ಇಳಿಯುವುದು ಅವಕ್ಕೆ ಇಷ್ಟ. ಅಷ್ಟು ಅಗಲ ಇರುವಂತೆ ನೋಡಿಕೊಳ್ಳಿ.

ಇನ್ನು ಗರಿ ಕಿತ್ತಿಸಿಕೊಳ್ಳುತ್ತಿರುವ ನಿಮ್ಮ ಆ ಕೋಳಿ. ಕೋಳಿಗಳಲ್ಲಿ ಮೇಲೆ ಕೆಳಗೆ ಅನ್ನುವುದು ತುಂಬ ಬಿಗಿ. ಯಾರು ಯಾರನ್ನು ಕುಕ್ಕಬಹುದು ಅನ್ನುವ ಈ ಸಾಲನ್ನು ನಾರ್ವೆಯ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ ಅನ್ನುವವರು 1921ರಲ್ಲೇ ವಿವರವಾಗಿ ಬರೆದಿದ್ದರು. ಸಾಲಿನ ಕೊನೆಯ ಕೋಳಿಗೆ ಬೇಕಾಗಿರುವುದು ಕಣ್ಮರೆಯಾಗುವ ಜಾಗ. ನಾಲ್ಕು ಕಡೆಯೂ ಬಯಲಾಗಿದ್ದರೆ ಅದು ದಿನವೆಲ್ಲ ಉಳಿದವರ ಕಣ್ಣಿಗೆ ಬೀಳುತ್ತಲೇ ಇರುತ್ತದೆ, ಅಲ್ವಾ? ನನ್ನ ಹತ್ತಿರ ಬೂದಿ ಬಣ್ಣದ ಒಂದು ಹೇಂಟೆ ಇತ್ತು. ಉಳಿದವು ತಿಂದು ಗೂಡು ಸೇರಿದ ಮೇಲೆ, ಕತ್ತಲಾಗುವ ಹೊತ್ತಿಗೆ ಬಂದು ಗಬಗಬ ತಿಂದು ಓಡುತ್ತಿತ್ತು. ಎತ್ತಿಕೊಂಡರೆ ಎದೆಮೂಳೆ ಚೂಪಾಗಿ ಕೈಗೆ ತಾಗುತ್ತಿತ್ತು. ನೋಡಿ ಸಂಕಟವಾಯಿತು. ಒಂದು ಹಳೇ ಹಲಗೆಯನ್ನು ಆವರಣದ ನಡುವೆ ಅಡ್ಡ ನಿಲ್ಲಿಸಿದೆ, ಅದರ ಆಚೆ ಬದಿಗೆ ಇನ್ನೊಂದು ತಟ್ಟೆ, ಇನ್ನೊಂದು ನೀರಿನ ಪಾತ್ರೆ ಇಟ್ಟೆ. ಈ ತಟ್ಟೆಯ ಹತ್ತಿರ ನಿಂತವರಿಗೆ ಆ ತಟ್ಟೆ ಕಾಣಬಾರದು, ಅದೇ ಗುಟ್ಟು. ಒಂದೇ ವಾರಕ್ಕೆ ಅದು ಹಗಲಲ್ಲೇ ತಿನ್ನತೊಡಗಿತು. ಹಲಗೆಯ ಎರಡೂ ತುದಿ ತೆರೆದಿರಲಿ. ಒಂದು ಕಡೆ ಮುಚ್ಚಿದರೆ ಓಡಿಬಂದ ಕೋಳಿ ಅಲ್ಲೇ ಸಿಕ್ಕಿಬೀಳುತ್ತದೆ.

ಬೆನ್ನಲ್ಲಿ ರಕ್ತ ಕಂಡರೆ ಮಾತ್ರ ತಡ ಮಾಡಬೇಡಿ. ಕೆಂಪು ಕಂಡರೆ ಉಳಿದವು ಬಿಡುವುದಿಲ್ಲ. ಅದನ್ನು ಬೇರೆ ಇಡಿ, ಆದರೆ ಜಾಲರಿಯ ಆಚೆಗೆ ಕಾಣುವಂತೆ ಇಡಿ. ಪೂರ್ತಿ ಕಣ್ಮರೆ ಮಾಡಿದರೆ ವಾಪಸು ಬಂದಾಗ ಹೊಸಬಳಂತೆ ಮತ್ತೆ ಹೊಡೆತ ತಿನ್ನುತ್ತದೆ. ಜಾಗವನ್ನೂ ಒಮ್ಮೆ ಅಳೆದು ನೋಡಿ. ಹೊರಗಿನ ಆವರಣದಲ್ಲಿ ಒಂದು ಕೋಳಿಗೆ ಕಡಿಮೆ ಅಂದರೂ 10 ಚದರ ಅಡಿ ಬೇಕು, ನಿಮ್ಮ ಆರಕ್ಕೆ 60. ಅಷ್ಟಿಲ್ಲದಿದ್ದರೆ ಸಂಜೆ ಒಂದು ಗಂಟೆ, ನೀವು ಎದುರಿಗಿದ್ದು ಹೊರಗೆ ಬಿಡಿ. ಮೊಟ್ಟೆ ಕೋಳಿಯ ಆಹಾರದಲ್ಲಿ ಪ್ರೋಟೀನ್ ಸುಮಾರು 16 ಶೇಕಡ ಇರಬೇಕು. ಅದು ಕಮ್ಮಿಯಾದರೂ ಗರಿ ಕಿತ್ತು ತಿನ್ನುತ್ತವೆ.

ಕೂರುವುದಕ್ಕೆ ಎತ್ತರ ತಗ್ಗಿನ ಜಾಗ ಇರಲಿ. ಮರದ ದಿಮ್ಮಿ, ಬೊಡ್ಡೆ, ದಪ್ಪ ಕೊಂಬೆ, ಯಾವುದಾದರೂ ಸರಿ. ಕೂರುವ ಕೋಲು ನಾಲ್ಕೈದು ಸೆಂಟಿಮೀಟರ್ ಅಗಲ, ಅಂಚು ಉಜ್ಜಿ ನುಣುಪಾಗಿರಲಿ. ಮೈಭಾರದ ಕೋಳಿಗಳಾದರೆ ಜಾಸ್ತಿ ಎತ್ತರ ಬೇಡ, ದಿನಾ ಧುಮುಕಿ ಪಾದದಲ್ಲಿ ಗಾಯವಾಗಿ ಕೀವು ತುಂಬುತ್ತದೆ. ಜಾಲರಿಯ ಪಕ್ಕಕ್ಕೂ ಇಡಬೇಡಿ, ಅಲ್ಲಿಂದಲೇ ಹಾರಿ ಹೊರಗೆ ಹೋಗುತ್ತವೆ. ಬೊಡ್ಡೆಯನ್ನು ವಾರಕ್ಕೊಮ್ಮೆ ಉರುಳಿಸಿ. ಅಡಿಯಲ್ಲಿ ಸೇರಿದ ಹುಳುಗಳಿಗೆ ಆರೂ ಕೋಳಿ ಓಡಿಬರುವುದನ್ನು ನೋಡಬೇಕು ನೀವು!

ಬಿಸಿಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೋಳಿ ಬೆವರುವುದಿಲ್ಲ. 30 ಡಿಗ್ರಿ ದಾಟಿತು ಅಂದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುತ್ತದೆ. ನೆರಳು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಬೀಳುತ್ತದೆ. ಎರಡೂ ಹೊತ್ತು ನಿಂತು ನೋಡಿ ಆಮೇಲೆ ಚಪ್ಪರ ಹಾಕಿ, ಬಳ್ಳಿ ಹಬ್ಬಿಸಿದರೆ ಇನ್ನೂ ತಂಪು. ಒಂದು ಕೋಳಿ ದಿನಕ್ಕೆ ಕಾಲು ಲೀಟರಿನಷ್ಟು ನೀರು ಕುಡಿಯುತ್ತದೆ, ಸೆಕೆಯಲ್ಲಿ ಅದರ ಎರಡರಷ್ಟು. ನೀರು ನೆರಳಲ್ಲೇ ಇರಲಿ.

ಒಂದು ಕೋಸು ಅಥವಾ ಸೊಪ್ಪಿನ ಕಟ್ಟನ್ನು ತಲೆಗಿಂತ ಸ್ವಲ್ಪ ಎತ್ತರಕ್ಕೆ ತೂಗುಹಾಕಿ. ಹಗ್ಗ ಚಿಕ್ಕದಿರಲಿ, ತುಂಡಾದ ದಾರ ನುಂಗಿದರೆ ಗಂಟಲ ಚೀಲದಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಥ ತಿಂಡಿ ದಿನದ ಆಹಾರದಲ್ಲಿ ಹತ್ತನೇ ಒಂದು ಭಾಗ ಮೀರಬಾರದು. ಬೇಯಿಸದ ರಾಜ್ಮಾ, ಬೀನ್ಸ್ ಜಾತಿಯ ಕಾಳು, ಹಸಿರು ಬಿದ್ದ ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್, ಉಪ್ಪಿನ ತಿಂಡಿ ಕೊಡಬೇಡಿ. ಇಷ್ಟೆಲ್ಲ ಆದ ಮೇಲೆ ಕನ್ನಡಿ, ಉಯ್ಯಾಲೆ ಹಾಕಿ ನೋಡಿ. ಕೆಲವು ಕೋಳಿ ಕನ್ನಡಿ ಮುಂದೆ ನಿಂತುಬಿಡುತ್ತವೆ, ಕೆಲವು ಅದರ ಜೊತೆ ಜಗಳಕ್ಕೆ ಹೋಗುತ್ತವೆ. ಜಗಳ ಆಡಿದರೆ ತೆಗೆದುಬಿಡಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಟಾರ್ಚ್ ಹಿಡಿದು ಕೋಳಿ ಕೂತಿರುವ ಕೋಲಿನ ಅಡಿಭಾಗ, ಬಿರುಕು, ಸಂದಿಗಳನ್ನು ನೋಡಿ. ರಕ್ತ ಹೀರುವ ಕೆಂಪು ನುಸಿ ಹಗಲಲ್ಲಿ ಅಲ್ಲಿ ಅಡಗಿದ್ದು ರಾತ್ರಿ ಕೋಳಿಯ ಮೈಗೆ ಹತ್ತುತ್ತದೆ. ಒಂದು ಕೋಳಿಯನ್ನು ಎತ್ತಿಕೊಂಡು ರೆಕ್ಕೆಯ ಅಡಿ, ಬಾಲದ ಬುಡದ ಗರಿಯನ್ನೂ ಬಿಡಿಸಿ ನೋಡಿ. ಅಲ್ಲಿ ಏನಾದರೂ ಹರಿದಾಡುತ್ತಿದ್ದರೆ ಗರಿ ಹೋಗುವುದಕ್ಕೆ ಬೇಸರ ಒಂದೇ ಕಾರಣ ಅಲ್ಲ. ಏನು ಕಂಡಿತು ಅಂತ ಇಲ್ಲೇ ತಿಳಿಸಿ, ಅದಕ್ಕೆ ಏನು ಮಾಡಬೇಕು ಅಂತ ಬರೆಯುತ್ತೇನೆ.