ಕಾಪಿ ಹೊಡೆದ ಮಗನಿಗೆ ವಚನ, ಧ್ಯಾನ ಸಾಕಾ?

ಏಳನೇ ಕ್ಲಾಸಿನ ಮಗ ಟೆಸ್ಟಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ, ದಿನಾ ವಚನ ಹೇಳಿಸಿ ಹತ್ತು ನಿಮಿಷ ಧ್ಯಾನಕ್ಕೆ ಕೂರಿಸಿದರೆ ಸರಿಹೋಗುತ್ತಾನಾ ಅಂತ ಕೇಳಿದ್ದೀರಿ. ಕೂರಿಸಿ, ಆದರೆ ಶಿಕ್ಷೆಯಾಗಿ ಬೇಡ. ಇಲ್ಲೇ ದಾವಣಗೆರೆಯಲ್ಲಿ ನಾನು ಆ ತಪ್ಪು ಮಾಡಿದ್ದೆ. ಮಾರ್ಕ್ಸ್ ಕಮ್ಮಿ ಬಂದಾಗೆಲ್ಲ ಮಗಳನ್ನು ಧ್ಯಾನಕ್ಕೆ ಕೂರಿಸುತ್ತಿದ್ದೆ. ಕಣ್ಣು ಮುಚ್ಚಿದ ಕೂಡಲೇ ಅವಳಿಗೆ ಅಳು ಬರುತ್ತಿತ್ತು.

ಆಮೇಲೆ ದಾರಿ ಬದಲಿಸಿದೆ. ಬಸವಣ್ಣನವರ 'ಕಳಬೇಡ ಕೊಲಬೇಡ' ವಚನದಲ್ಲಿ ಏಳು 'ಬೇಡ'ಗಳಿವೆ ಅಲ್ವಾ, ವಾರಕ್ಕೆ ಒಂದೇ ಹಿಡಿದೆವು. ಮನೆಮಂದಿಯೆಲ್ಲ, ನಾನೂ ಸೇರಿ. 'ಹುಸಿಯ ನುಡಿಯಲು ಬೇಡ' ವಾರದಲ್ಲಿ ಚೀಟಿ ಕಂತು ಕೇಳಲು ಫೋನ್ ಬಂತು. 'ಅಪ್ಪ ಮನೇಲಿಲ್ಲ ಅನ್ನು' ಅಂದೆ. ಅವಳು ಮಾತಾಡದೆ ಫೋನನ್ನು ನನ್ನ ಕೈಗೇ ಕೊಟ್ಟು ಸುಮ್ನೆ ನಿಂತಳು. ಅವತ್ತು ಪಾಠ ಆಗಿದ್ದು ನನಗೆ. ('ಮುನಿಯಬೇಡ' ಮಾತ್ರ ನಮ್ಮ ಮನೆಯಲ್ಲಿ ಮೂರು ದಿನವೂ ನಡೆಯಲಿಲ್ಲ.)

ಧ್ಯಾನಕ್ಕೆ ಹತ್ತು ನಿಮಿಷ ಜಾಸ್ತಿಯೇ ಆಯಿತು. ಮೂರು ನಿಮಿಷ ಉಸಿರು ಎಣಿಸಲಿ, ಒಂದರಿಂದ ಹತ್ತರವರೆಗೆ. ಲೆಕ್ಕ ತಪ್ಪಿದರೆ ಬೈಯಬೇಡಿ, ಮತ್ತೆ ಒಂದರಿಂದ ಶುರು ಮಾಡಲಿ. ತಪ್ಪಿದ ಮೇಲೆ ಮತ್ತೆ ಶುರು ಮಾಡುವುದೇ ಅಭ್ಯಾಸ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಊರೂರು ತಿರುಗಿ ನಾಟಕ ಆಡುತ್ತಿದೆ. ನಿಮ್ಮ ಕಡೆ ಬಂದರೆ ಕರೆದುಕೊಂಡು ಹೋಗಿ. ಉಪದೇಶಕ್ಕಿಂತ ಮಕ್ಕಳಿಗೆ ಅದು ಇಷ್ಟ.

ಅಂದಹಾಗೆ, ಯಾಕೆ ಕಾಪಿ ಹೊಡೆದೆ ಅಂತ ಕೇಳಿದ್ರಾ? ಗಣಿತವಾಗಿದ್ದರೆ ಭಿನ್ನರಾಶಿ ಬರುತ್ತಾ ನೋಡಿ. ಅದು ಬರದಿದ್ದರೆ ಎಷ್ಟು ವಚನ ಹೇಳಿಸಿದರೂ ಮುಂದಿನ ಟೆಸ್ಟಿಗೂ ಜೇಬಿನಲ್ಲಿ ಚೀಟಿ ಇರುತ್ತದೆ.