ಐದು ಗುರುತು ಬಿದ್ದ ಮಾತ್ರಕ್ಕೆ ಕಾಯಿಲೆ ಬಂತು ಅಂತಲ್ಲ

ಹೋದ ಸಂಚಿಕೆಯಲ್ಲಿ ನಾವು ಹಾಕಿದ್ದ, ಹದಿಹರೆಯದಲ್ಲಿ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚಿಸುವ ಸಂಗತಿಗಳ ಪಟ್ಟಿ ನೋಡಿ ತಾಯಿಯೊಬ್ಬರು ಬರೆದಿದ್ದಾರೆ: "ಒಂಬತ್ತರಲ್ಲಿ ಐದಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ನನಗೆ ಹಿಂದೆ ಖಿನ್ನತೆ ಇತ್ತು. ಮನೆಯಲ್ಲಿ ಜಗಳ ಆಗಿವೆ. ಹದಿಮೂರು ವರ್ಷದ ಮಗಳಿಗೆ ನಿದ್ದೆ ಕಮ್ಮಿ. ಅವಳು ಹಿಂದಿನಿಂದ ಬಗ್ಗಿ ನೋಡಿ, 'ಇದು ನನ್ನ ಬಗ್ಗೆನಾ ಅಮ್ಮಾ?' ಅಂದಳು. ಪುಸ್ತಕ ಮುಚ್ಚಿಬಿಟ್ಟೆ. ಅವಳಿಗೂ ಬಂದೇ ಬರುತ್ತಾ?"

ಸೋದರಿ, ಇಲ್ಲ. ಬಂದೇ ಬರುತ್ತದೆ ಅಂತ ಯಾವ ಸಂಶೋಧನೆಯೂ ಹೇಳಿಲ್ಲ. ಆ ಪಟ್ಟಿಯನ್ನು ವಿವರಣೆ ಇಲ್ಲದೆ ಹಾಗೇ ಅಚ್ಚು ಮಾಡಿದ್ದು ನಮ್ಮ ತಪ್ಪು. ಕ್ಷಮಿಸಿ.

ಯಾವುದರಿಂದ ಅಪಾಯ ಹೆಚ್ಚುತ್ತದೆ ಅಂತ ತಿಳಿಯಲು ದೊಡ್ಡವರನ್ನು ಕೂರಿಸಿ "ಚಿಕ್ಕಂದಿನಲ್ಲಿ ಏನಾಗಿತ್ತು?" ಅಂತ ಕೇಳಿದರೆ ನಂಬುವಂಥ ಉತ್ತರ ಸಿಗುವುದು ಕಷ್ಟ. ನರಳುತ್ತಿರುವವರು ಕಾರಣ ಹುಡುಕುತ್ತಾರೆ, ಗುಣವಾದವರು ಮರೆತಿರುತ್ತಾರೆ. ಅದಕ್ಕೇ ಕೆಲವು ಸಂಶೋಧಕರು ಮಕ್ಕಳ ಬಾಲ್ಯದಿಂದಲೇ ಶುರುಮಾಡಿ ವರ್ಷಾನುಗಟ್ಟಲೆ ಅವರ ಜೊತೆ ನಡೆದರು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಮೂರನೇ ವಯಸ್ಸಿನಿಂದ ಮತ್ತೆ ಮತ್ತೆ ಕರೆಸಿ ಮಾತಾಡಿಸಿದ್ದಾರೆ. 45ನೇ ವಯಸ್ಸಿನಲ್ಲೂ, ಬದುಕಿದ್ದವರಲ್ಲಿ ನೂರಕ್ಕೆ 94 ಮಂದಿ ಬಂದರು. ಅಷ್ಟು ಜನ ಅಷ್ಟು ವರ್ಷ ತಮ್ಮ ಬದುಕನ್ನು ಬಿಚ್ಚಿಟ್ಟರಲ್ಲ, ಅದನ್ನು ನೆನೆದರೆ ನನಗೆ ಕೈಮುಗಿಯಬೇಕು ಅನಿಸುತ್ತದೆ.

ಅವರಿಂದ ತಿಳಿದದ್ದೇನು? 26ರಲ್ಲಿ ಮಾನಸಿಕ ಕಾಯಿಲೆ ಇದ್ದವರಲ್ಲಿ ಅರ್ಧದಷ್ಟು ಜನರಿಗೆ 15 ತುಂಬುವ ಮೊದಲೇ ಯಾವುದೋ ಒಂದು ತೊಂದರೆ ಶುರುವಾಗಿತ್ತು. ಹದಿಹರೆಯದ ಕಡೆ ಎಲ್ಲರ ಕಣ್ಣು ಹೋಗಿದ್ದು ಇದರಿಂದಲೇ. ಇನ್ನೊಂದು ಸಂಗತಿ ಇದೆ, ಅದನ್ನು ನಾವು ಹಾಕಬೇಕಿತ್ತು. 11ರಿಂದ 38ರವರೆಗೆ ಒಮ್ಮೆಯೂ ಯಾವ ಮಾನಸಿಕ ಕಾಯಿಲೆಯೂ ತಾಗದವರು ಅಲ್ಲಿ ನೂರಕ್ಕೆ ಬರೀ 17 ಮಂದಿ! ಉಳಿದವರೆಲ್ಲ ಒಂದಲ್ಲ ಒಂದು ಸಲ ಅದನ್ನು ದಾಟಿ ಬಂದವರೇ. ಹಲವರಿಗೆ ಅದು ಸ್ವಲ್ಪ ಕಾಲ ಇದ್ದು ಹೋಯಿತು. ನಿಮಗೆ ಬಂದಿದ್ದು ಅಪರೂಪದ ಕಳಂಕ ಅಂತ ನೀವು ಇಷ್ಟು ವರ್ಷ ಅಂದುಕೊಂಡಿದ್ದರೆ, ದಯವಿಟ್ಟು ಅದನ್ನು ಬಿಟ್ಟುಬಿಡಿ.

ಅಪಾಯ ಅನ್ನುವ ಮಾತು ಗುಂಪಿನ ಲೆಕ್ಕ. ಉದಾಹರಣೆಗೆ, ನೂರು ಮಕ್ಕಳಲ್ಲಿ ಹತ್ತು ಮಂದಿಗೆ ಬರುವ ಕಾಯಿಲೆ ಇದೆ ಅಂದುಕೊಳ್ಳಿ. ಯಾವುದೋ ಕಾರಣಕ್ಕೆ ಅಪಾಯ ಎರಡು ಪಟ್ಟು ಆದರೆ ಇಪ್ಪತ್ತು ಮಂದಿಗೆ ಬರುತ್ತದೆ. ಆಗಲೂ ಎಂಬತ್ತು ಮಕ್ಕಳಿಗೆ ಬರುವುದಿಲ್ಲ. ನಿಮ್ಮ ಮಗಳು ಯಾವ ಕಡೆ ಅಂತ ಪಟ್ಟಿ ಹೇಳಲಾರದು. ಆದರೆ ಕಷ್ಟಗಳು ಒಂದರ ಮೇಲೊಂದು ಪೇರಿಕೊಂಡರೆ ಭಾರ ಜಾಸ್ತಿ ಆಗುವುದು ನಿಜ. ಹಾಗಾಗಿ ಒಂದನ್ನು ಇಳಿಸಿದರೂ ಲಾಭವೇ. ಹಳೆಯದನ್ನು ಬದಲಿಸಲು ಆಗುವುದಿಲ್ಲ, ನಿದ್ದೆಯನ್ನು ಸರಿಪಡಿಸಬಹುದು, ಅವಳ ಮುಂದೆ ಜಗಳ ನಿಲ್ಲಿಸಬಹುದು.

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನೂ ಹೀಗೇ ದಶಕಗಟ್ಟಲೆ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕಾಯಿಲೆ ಎಲ್ಲ ಒಟ್ಟಿಗೆ ಇದ್ದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದರು. ಅವರಿಗೆಲ್ಲ ನೆಚ್ಚಿಕೊಳ್ಳಲು ಒಬ್ಬರಾದರೂ ದೊಡ್ಡವರಿದ್ದರು. ಅಜ್ಜಿಯೋ, ಟೀಚರೋ, ಯಾರೋ ಒಬ್ಬರು. ಹದಿಹರೆಯದಲ್ಲಿ ಎಡವಿದವರಲ್ಲೂ ಬಹಳಷ್ಟು ಮಂದಿ ಮುಂದೆ ಬದುಕು ಕಟ್ಟಿಕೊಂಡರು.

ಈಗ ಪಟ್ಟಿ ಬಿಟ್ಟು ಮಗಳನ್ನು ನೋಡಿ. ಮೊದಲಿನ ಹಾಗಿಲ್ಲ ಅನಿಸುತ್ತಿದೆಯಾ? ಇಷ್ಟದ ಕೆಲಸ ಬಿಟ್ಟಿದ್ದಾಳಾ, ಗೆಳತಿಯರಿಂದ ದೂರ ಆಗಿದ್ದಾಳಾ, ಎರಡು ವಾರಕ್ಕಿಂತ ಜಾಸ್ತಿ ಹಾಗೇ ಇದ್ದಾಳಾ? ಹಾಗಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರೆ ಅವತ್ತೇ ಹೋಗಿ, ಒಬ್ಬಳೇ ಇರಲು ಬಿಡಬೇಡಿ. ಅನುಮಾನ ಬಂದರೆ ಬಾಯಿಬಿಟ್ಟು ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ನೀವು ಪುಸ್ತಕ ಮುಚ್ಚಿದಾಗ ಅವಳು ಸುಮ್ಮನೆ ಒಳಗೆ ಹೋದಳು ಅಂತ ಬರೆದಿದ್ದೀರಿ. ಅವಳ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ, ಅಲ್ವಾ? "ಹೌದು ಕಣೇ, ನಿನ್ನ ಬಗ್ಗೆಯೇ ಯೋಚಿಸ್ತಿದ್ದೆ. ನಂಗೂ ಒಂದ್ಸಲ ಹೀಗಾಗಿತ್ತು, ಆಮೇಲೆ ವಾಸಿಯಾಯ್ತು" ಅನ್ನಿ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಹೇಳಿ.

— ಸಂಪಾದಕ