ಸಂಪಾದಕರ ಉತ್ತರ: ಚರ್ಚ್ ಸ್ಟ್ರೀಟಿನ ಒಂದು ಸಂಜೆಗೆ ಎರಡು ಪಬ್ ಸಾಕು

ಮಾನ್ಯರೇ,

ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನಿಂದ ತಾವು ಬರೆದ ಪತ್ರ ತಲುಪಿದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಜೊತೆಗೆ ಓದಿದ ಆರು ಮಂದಿ ಗೆಳೆಯರು ಮುಂದಿನ ತಿಂಗಳ ಎರಡನೇ ಶನಿವಾರ ಬೆಂಗಳೂರಿನಲ್ಲಿ ಸೇರಲಿದ್ದೀರೆಂದೂ, ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟಿನ ಆಸುಪಾಸಿನಲ್ಲಿ ನೋಡಲೇಬೇಕಾದ ಐದಾರು ಪಬ್‌ಗಳ ಹೆಸರು ಬೇಕೆಂದೂ ಕೇಳಿದ್ದೀರಿ. ತಮ್ಮಲ್ಲಿ ಒಬ್ಬರು ಕುಡಿಯುವವರಲ್ಲ, ಬೆಂಗಳೂರಿನಲ್ಲಿಯೇ ಓದುತ್ತಿರುವ ತಮ್ಮ ಇಪ್ಪತ್ತು ವರ್ಷದ ಮಗನೂ ಜೊತೆಗೆ ಬರಬಹುದು, ಎಲ್ಲರೂ ಊರಿನಿಂದ ಒಂದೇ ಕಾರಿನಲ್ಲಿ ಹೋಗಿ ಅದೇ ರಾತ್ರಿ ಹಿಂದಿರುಗುವ ಯೋಚನೆಯಿದೆ ಎಂದೂ ತಿಳಿಸಿದ್ದೀರಿ. ‘ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ಪ್ರಶ್ನೆಗೆ ಜಾಗ ಉಂಟೇ’ ಎಂದು ಕೊನೆಯಲ್ಲಿ ಸಂಕೋಚಪಟ್ಟಿದ್ದೀರಿ. ಮದ್ಯದ ಅಂಗಡಿಗಳ ದೀಪದ ಬೋರ್ಡುಗಳನ್ನು ನಮ್ಮ ಪಿ.ಬಿ. ರಸ್ತೆಯಲ್ಲಿ ಮಕ್ಕಳಾದಿಯಾಗಿ ಎಲ್ಲರೂ ನೋಡುತ್ತಲೇ ಓಡಾಡುತ್ತಾರೆ. ಆ ಬಗ್ಗೆ ನಾಲ್ಕು ಸರಿಯಾದ ಮಾತು ಅಚ್ಚಾದರೆ ಯಾರ ಮನೆಗೂ ಕೇಡಾಗದು.

ತಮ್ಮ ಯೋಜನೆಯಲ್ಲಿ ನನಗೆ ಮೊದಲು ಒಪ್ಪಿಗೆಯಾಗದಿರುವುದು ಆ ‘ಐದಾರು’ ಎಂಬ ಸಂಖ್ಯೆ. ಹಲವು ವರ್ಷಗಳ ಮೇಲೆ ಸೇರುವ ಗೆಳೆಯರಿಗೆ ಬೇಕಾಗಿರುವುದು ಮಾತು. ಒಂದು ಮೇಜು ಹಿಡಿದು, ಕುರ್ಚಿ ಎಳೆದುಕೊಂಡು, ತಂದಿಟ್ಟದ್ದನ್ನು ಅರ್ಧ ಮುಗಿಸುವ ಹೊತ್ತಿಗೆ ‘ಮುಂದಿನ ಜಾಗಕ್ಕೆ ಹೊರಡೋಣ’ ಎನ್ನುವವರು ಒಬ್ಬರಿದ್ದರೆ ಆ ಸಂಜೆಯೆಲ್ಲ ಬಿಲ್ಲು ಕೊಡುವುದರಲ್ಲಿಯೂ ಬಾಗಿಲಲ್ಲಿ ಕಾಯುವುದರಲ್ಲಿಯೂ ಕಳೆದುಹೋಗುತ್ತದೆ. ಆದ್ದರಿಂದ ನನ್ನ ಸಲಹೆ ಎರಡೇ ಜಾಗ; ಅವುಗಳನ್ನು ಆರಿಸುವಾಗಲೂ ದೀಪಾಲಂಕಾರವನ್ನೋ ಪ್ರಸಿದ್ಧಿಯನ್ನೋ ನೋಡದೆ, ಮೇಜಿನ ಈ ತುದಿಯವರ ಮಾತು ಆ ತುದಿಯವರಿಗೆ ಕೇಳಿಸುತ್ತದೆಯೇ ಎಂಬುದನ್ನೇ ನೋಡುವುದು. ಈ ಅಳತೆಗೋಲನ್ನು ಹಿಡಿದರೆ ಆ ಬಡಾವಣೆಯ ಅರ್ಧಕ್ಕಿಂತ ಹೆಚ್ಚು ಜಾಗಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ವಿದ್ಯಾರ್ಥಿಯಾಗಿದ್ದಾಗ ಹೊರಗಿನಿಂದ ಮಾತ್ರ ನೋಡಿದ್ದ, ಬಾಹ್ಯಾಕಾಶ ನೌಕೆಯಂತೆ ಕಟ್ಟಿದ್ದ ‘ನಾಸಾ’ ಪಬ್ಬಿಗೆ ಈಗಲಾದರೂ ಹೋಗಬೇಕೆಂದು ಬರೆದಿದ್ದೀರಿ. ಚರ್ಚ್ ಸ್ಟ್ರೀಟಿನಲ್ಲಿದ್ದ ಆ ನಾಸಾ ಮುಚ್ಚಿ ವರ್ಷಗಳೇ ಆದವು. ರೆಸಿಡೆನ್ಸಿ ರಸ್ತೆಯ ‘ಪಬ್ ವರ್ಲ್ಡ್’ ಕೂಡ ಇಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಪಬ್ಬುಗಳ ಊರೆಂಬ ಹೆಸರು ತಂದ ಆ ಪೀಳಿಗೆಯಲ್ಲಿ ಗಟ್ಟಿಯಾಗಿ ಉಳಿದುಕೊಂಡಿರುವುದು ಬ್ರಿಗೇಡ್ ರಸ್ತೆಯಿಂದ ಒಳಗೆ ಹೋಗುವ ರೆಸ್ಟ್ ಹೌಸ್ ರಸ್ತೆಯ ‘ಪೆಕೋಸ್’. 1989ರಲ್ಲಿ ಆರಂಭವಾದ ಈ ಪಬ್ಬು ಇಕ್ಕಟ್ಟಾದ ಕಟ್ಟಡದಲ್ಲಿ ಮಹಡಿಯ ಮೇಲೆ ಮಹಡಿಯಾಗಿ ಏರಿಕೊಂಡಿದೆ. ಮಬ್ಬು ಬೆಳಕು, ಮರದ ಮೇಜು ಬೆಂಚುಗಳು, ಗೋಡೆಯ ತುಂಬ ಹಳೆಯ ರಾಕ್ ಗಾಯಕರ ಚಿತ್ರಗಳು, ಮಗ್ಗಿನಲ್ಲಿಯೋ ಪಿಚರ್ ಎಂಬ ದೊಡ್ಡ ಹೂಜಿಯಲ್ಲಿಯೋ ತಂದಿಡುವ, ಪೀಪಾಯಿಯಿಂದ ಹಿಡಿದ ಡ್ರಾಟ್ ಬಿಯರು. ಅರವತ್ತು, ಎಪ್ಪತ್ತರ ದಶಕಗಳ ರಾಕ್ ಸಂಗೀತವೇ ಅಲ್ಲಿನ ನಿತ್ಯದ ಹಾಡು. ಸಿನಿಮಾ ಹಾಡನ್ನು ಹಾಕೆಂದು ಕೇಳಿದರೆ ಸುಮ್ಮನೆ ನಗುತ್ತಾರೆ. ಹೊಸ ಪಬ್ಬುಗಳ ಮುಂದೆ ಇಲ್ಲಿನ ಬೆಲೆ ಕಡಿಮೆ. ಥಳಕನ್ನು ಬಯಸಿ ಹೋದವರಿಗೆ ಇದರಲ್ಲಿ ಏನಿದೆ ಎನ್ನಿಸಬಹುದು. ಆದರೆ ತಮ್ಮ ವಯಸ್ಸಿನ ಗೆಳೆಯರು ಕುಳಿತು ಕಾಲೇಜಿನ ಹಾಸ್ಟೆಲಿನ ಮಾತು ತೆಗೆಯಲು ಆ ಬಡಾವಣೆಯಲ್ಲಿ ಇದಕ್ಕಿಂತ ಒಗ್ಗುವ ಜಾಗ ನನಗೆ ಕಾಣದು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೋದರೆ ಮೇಲಿನ ಮಹಡಿಯಲ್ಲಿ ಜಾಗವೂ ಸಿಕ್ಕೀತು, ಮಾತೂ ಕೇಳಿಸೀತು. ಏಳರ ಮೇಲೆ ಎರಡೂ ಖಾತ್ರಿಯಿಲ್ಲ.

ಎರಡನೆಯ ಜಾಗವಾಗಿ ನಾನು ಸೂಚಿಸುವುದು ಒಂದು ಮೈಕ್ರೋಬ್ರೂವರಿಯನ್ನು. ನಮ್ಮ ಊರಿನ ಬಾರ್ ಅಂಡ್ ರೆಸ್ಟೋರೆಂಟುಗಳಲ್ಲಿ ಸಿಗದ ವಸ್ತುವೆಂದರೆ ಇದೊಂದೇ. ಉಳಿದದ್ದೆಲ್ಲ ಅಲ್ಲಿಯೂ ಅದೇ, ಇಲ್ಲಿಯೂ ಅದೇ, ಅಲ್ಲಿ ಬೆಲೆ ಮಾತ್ರ ಹೆಚ್ಚು. 2010ರ ನಂತರ ಬೆಂಗಳೂರಿನಲ್ಲಿ ಬೆಳೆದ ಈ ಪದ್ಧತಿಯಲ್ಲಿ ಬಿಯರನ್ನು ಅದೇ ಕಟ್ಟಡದ ತೊಟ್ಟಿಗಳಲ್ಲಿ ತಯಾರಿಸಿ ಅಲ್ಲಿಯೇ ಬಡಿಸುತ್ತಾರೆ. ಕಾರ್ಖಾನೆಯ ಬಾಟಲಿ ಬಿಯರನ್ನು ಸೋಸಿ, ಬಿಸಿ ಮಾಡಿ, ತಿಂಗಳುಗಟ್ಟಲೆ ಕೆಡದಂತೆ ಮುಚ್ಚಿರುತ್ತಾರೆ. ತೊಟ್ಟಿಯಿಂದ ನೇರವಾಗಿ ಲೋಟಕ್ಕೆ ಬರುವುದಕ್ಕೆ ಆ ಸಂಸ್ಕಾರ ಇರುವುದಿಲ್ಲ, ಅದರ ಆಯುಸ್ಸೂ ಕಡಿಮೆ. ಹಂಚಿನಿಂದ ಇಳಿದ ಬೆಣ್ಣೆ ದೋಸೆಗೂ ಪಾರ್ಸೆಲ್ ಕಟ್ಟಿಸಿ ಮನೆಗೆ ತಂದ ಬೆಣ್ಣೆ ದೋಸೆಗೂ ಇರುವ ಅಂತರವನ್ನು ದಾವಣಗೆರೆಯವರಿಗೆ ನಾನು ವಿವರಿಸಬೇಕಾಗಿಲ್ಲ.

ಚರ್ಚ್ ಸ್ಟ್ರೀಟಿನಿಂದ ನಡೆದೇ ಹೋಗಬಹುದಾದ ಮ್ಯಾಗ್ರತ್ ರಸ್ತೆಯಲ್ಲಿ ‘ಆರ್ಬರ್ ಬ್ರೂಯಿಂಗ್ ಕಂಪನಿ’ 2012ರಿಂದ ಇದೆ. ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್ ಎಂಬ ಊರಿನ ಬ್ರೂವರಿಯೊಂದರ ಹೆಸರನ್ನೂ ವಿದ್ಯೆಯನ್ನೂ ಪಡೆದು ಶುರುವಾದ ಜಾಗ ಇದು. ಇಲ್ಲಿ ಹೋದೊಡನೆ ಪಿಚರ್ ತರಿಸಬೇಡಿ. ಚಿಕ್ಕ ಚಿಕ್ಕ ಲೋಟಗಳಲ್ಲಿ ಅಂದು ಇರುವ ಬಿಯರುಗಳನ್ನೆಲ್ಲ ಒಂದು ಹಲಗೆಯ ಮೇಲೆ ಸಾಲಾಗಿ ತಂದುಕೊಡುವ ‘ಸ್ಯಾಂಪ್ಲರ್’ ಕೇಳಿ, ರುಚಿ ನೋಡಿ, ಆಮೇಲೆ ತಮಗೆ ಹಿಡಿಸಿದ್ದನ್ನು ಹೇಳಿ. ಬಿಯರಿಗೆ ಹೊಸಬರಾದವರು ಗೋಧಿಯ ಬಿಯರಿನಿಂದ ಆರಂಭಿಸುವುದು ಒಳ್ಳೆಯದು. ‘ಹೆಫೆವೈಝೆನ್’ ಎಂಬ ಜರ್ಮನ್ ಬಗೆಯಲ್ಲಿ ಬಾಳೆಹಣ್ಣಿನ ಮತ್ತು ಲವಂಗದ ಪರಿಮಳ ಬರುತ್ತದೆ. ಅವೆರಡನ್ನೂ ಅದಕ್ಕೆ ಹಾಕಿರುವುದಿಲ್ಲ, ಹುದುಗು ಬರಿಸುವ ಯೀಸ್ಟೇ ಆ ಪರಿಮಳವನ್ನು ಹುಟ್ಟಿಸುತ್ತದೆ. ಲೋಟದಲ್ಲಿ ಅದು ಮಬ್ಬಾಗಿ ಕಾಣುವುದೂ ಸಹಜ. ಕೆಟ್ಟಿದೆಯೆಂದು ವಾಪಸು ಕಳುಹಿಸಬೇಡಿ. ‘ಐಪಿಎ’, ಅಂದರೆ ‘ಇಂಡಿಯಾ ಪೇಲ್ ಏಲ್’ ಎಂಬುದು ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಧಾರಾಳವಾಗಿ ಹಾಕಿದ, ಕಹಿ ಮುಂದಾಗಿರುವ ಬಗೆ. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಭಾರತಕ್ಕೆ ಬರುತ್ತಿದ್ದ ಬಿಯರಿನಿಂದ ಅದಕ್ಕೆ ‘ಇಂಡಿಯಾ’ ಎಂಬ ಹೆಸರು ಅಂಟಿಕೊಂಡಿತು. ‘ಸ್ಟೌಟ್’ ಹುರಿದ ಬಾರ್ಲಿಯಿಂದಾಗಿ ಕಪ್ಪಗಿರುತ್ತದೆ, ಕಾಫಿಯ ಒಗರು ಇರುತ್ತದೆ. ಕಪ್ಪಗಿದೆಯೆಂದ ಮಾತ್ರಕ್ಕೆ ಅದು ಹೆಚ್ಚು ಅಮಲಿನದೆಂದು ಭಾವಿಸಬೇಕಾಗಿಲ್ಲ.

ಅಮಲಿನ ಮಾತು ಬಂದಾಗ ಒಂದು ಲೆಕ್ಕವನ್ನು ಹೇಳಿಬಿಡುತ್ತೇನೆ. ನಮ್ಮ ಕಡೆ ಹೆಚ್ಚಾಗಿ ಖರ್ಚಾಗುವ 650 ಮಿಲಿಲೀಟರಿನ ‘ಸ್ಟ್ರಾಂಗ್’ ಬಾಟಲಿಯಲ್ಲಿ ಶೇಕಡಾ 7.5ರಷ್ಟು ಆಲ್ಕೋಹಾಲ್ ಇದೆಯೆಂದು ಹಿಡಿದರೆ ಒಟ್ಟು 49 ಮಿಲಿಲೀಟರಿನಷ್ಟಾಯಿತು. 60 ಮಿಲಿಲೀಟರಿನ ಒಂದು ಲಾರ್ಜ್ ವಿಸ್ಕಿಯಲ್ಲಿ ಇರುವುದು ಸುಮಾರು 26. ‘ಬರೀ ಒಂದು ಬಿಯರು ಕುಡಿದೆ’ ಎನ್ನುವವನು ಎರಡು ಲಾರ್ಜಿಗೆ ಹತ್ತಿರ ಬಂದಿರುತ್ತಾನೆ. ಮೈಕ್ರೋಬ್ರೂವರಿಯ ಗೋಧಿ ಬಿಯರು ಸಾಮಾನ್ಯವಾಗಿ ಶೇಕಡಾ ಐದರ ಆಸುಪಾಸಿನಲ್ಲಿ ಇರುವುದರಿಂದ ಅದನ್ನು ನಿಧಾನವಾಗಿ, ಮಾತಿನ ಜೊತೆಗೆ ಕುಡಿಯಬಹುದು. ಬೇಗ ಏರಲಿಲ್ಲವೆಂದು ದೂರುವವರು ಅಲ್ಲಿಗೆ ಹೋಗದಿದ್ದರೇ ವಾಸಿ.

ಬೇರೆ ಹೆಸರುಗಳನ್ನೂ ಕೇಳಿರುವುದರಿಂದ ಬೇಗನೆ ಹೇಳುತ್ತೇನೆ. 2014ರಲ್ಲಿ ಆರಂಭವಾದ ‘ಚರ್ಚ್ ಸ್ಟ್ರೀಟ್ ಸೋಶಿಯಲ್’ ಇಪ್ಪತ್ತೈದರ ಹರೆಯದವರದು. ತಮ್ಮ ಮಾತು ಅಲ್ಲಿ ಸಂಗೀತದ ಕೆಳಗೆ ಮುಳುಗಿಹೋಗುತ್ತದೆ. ಇಂದಿರಾನಗರದ 100 ಅಡಿ ರಸ್ತೆಯ ‘ಟಾಯ್ಟ್’ 2010ರಿಂದ ನಡೆಯುತ್ತಿರುವ ಒಳ್ಳೆಯ ಬ್ರೂವರಿ. ಬಾಸುಮತಿ ಅಕ್ಕಿ ಸೇರಿಸಿ ಮಾಡುವ ಅಲ್ಲಿನ ತಿಳಿ ಬಿಯರನ್ನು ಒಮ್ಮೆ ರುಚಿ ನೋಡಬೇಕು. ಆದರೆ ಶನಿವಾರ ಸಂಜೆ ಅಲ್ಲಿನ ನೂಕುನುಗ್ಗಲಿಗೆ ಆರು ಜನರ ಗುಂಪನ್ನು ಕಳುಹಿಸಲು ನನಗೆ ಮನಸ್ಸಿಲ್ಲ. ಮಹಡಿಯ ಮೇಲೆ ತೆರೆದ ತಾರಸಿಯ ಪಬ್ಬೇ ಬೇಕೆಂದು ತಮ್ಮ ಗೆಳೆಯರೊಬ್ಬರ ಹಟವಂತೆ. 2017ರ ಡಿಸೆಂಬರಿನಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ತಾರಸಿ ಪಬ್ಬುಗಳಲ್ಲಿ ಬೆಂಕಿ ಬಿದ್ದು 14 ಮಂದಿ ಸತ್ತರು. ಆ ಗೆಳೆಯರು ಎಲ್ಲಿಗೇ ಹತ್ತಿದರೂ ಕುಳಿತುಕೊಳ್ಳುವ ಮೊದಲು ಇಳಿಯಲು ಎರಡನೆಯ ಮೆಟ್ಟಿಲು ಎಲ್ಲಿದೆಯೆಂದು ನೋಡಿಕೊಳ್ಳಲಿ.

ಕುಡಿಯದ ಗೆಳೆಯರ ವಿಷಯವನ್ನು ತಾವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅದು ನನಗೆ ಅಷ್ಟು ಸಣ್ಣದಾಗಿ ತೋರಲಿಲ್ಲ. ಸಂಜೆಯಿಡೀ ಸೋಡಾ ಹಿಡಿದು ಕೂರುವುದೂ, ಕೊನೆಯಲ್ಲಿ ಬಿಲ್ಲನ್ನು ಸಮಪಾಲು ಹಂಚಿಕೊಳ್ಳುವುದೂ, ಆಮೇಲೆ ಉಳಿದ ಐವರನ್ನು ಕಾರಿನಲ್ಲಿ ಹೊತ್ತುಕೊಂಡು ಹೋಗುವುದೂ ಅವರ ಪಾಲಿಗೇ ಬರುವುದು ನ್ಯಾಯವಲ್ಲ. ಹಾಗಾಗಿ ಆ ದಿನವನ್ನು ಸೇಂಟ್ ಮಾರ್ಕ್ಸ್ ರಸ್ತೆಯ ‘ಕೋಶೀಸ್’ನಲ್ಲಿ ಮಧ್ಯಾಹ್ನದ ಊಟದಿಂದ ಆರಂಭಿಸಿ ಎನ್ನುತ್ತೇನೆ. ಅದು ಪಬ್ಬಲ್ಲ, 1940ರಲ್ಲಿ ಬೇಕರಿಯಾಗಿ ಹುಟ್ಟಿ, ಪತ್ರಕರ್ತರು, ನಾಟಕದವರು, ವಕೀಲರು ಗಂಟೆಗಟ್ಟಲೆ ಕೂತು ಬೆಳೆಸಿದ ಹೋಟೆಲು. ಒಂದೇ ಮೇಜಿನ ಮೇಲೆ ಒಬ್ಬರಿಗೆ ಬಿಯರು, ಇನ್ನೊಬ್ಬರಿಗೆ ಕಾಫಿ ಬಂದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಬೇಗ ಏಳಿ ಎಂದು ಯಾರೂ ಅವಸರಪಡಿಸುವುದಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಇಂಡಿಯನ್ ಕಾಫಿ ಹೌಸ್ ಕೂಡ ಇದೆ, ಎಂ.ಜಿ. ರಸ್ತೆಯ ಹಳೆಯ ಜಾಗವನ್ನು ಬಿಟ್ಟು 2009ರಲ್ಲಿ ಅಲ್ಲಿಗೆ ಬಂದಿತು. 2018ರಲ್ಲಿ ಕಲ್ಲು ಹಾಸಿ ಹೊಸದಾಗಿ ಮಾಡಿದ ಮೇಲೆ ಆ ಬೀದಿ ನಡೆಯಲು ಹಿತವಾಗಿದೆ, ಮತ್ತು ಹಳೆಯ ಪುಸ್ತಕಗಳ ‘ಬ್ಲಾಸಂ’ ಅಲ್ಲಿಯೇ ಇರುವುದರಿಂದ ಆ ಗೆಳೆಯರು ಬೇಸರವಾದಾಗ ಎದ್ದುಹೋಗಿ ಒಂದು ಗಂಟೆ ಕಳೆದು ಬರಬಹುದು.

ತಮ್ಮ ಮಗನ ವಿಷಯದಲ್ಲಿ ನನ್ನ ಉತ್ತರ ನೇರವಾಗಿದೆ. ಕರ್ನಾಟಕದ ಅಬಕಾರಿ ನಿಯಮಗಳ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಕೊಡುವಂತಿಲ್ಲ. 2023ರಲ್ಲಿ ಈ ಮಿತಿಯನ್ನು 18ಕ್ಕೆ ಇಳಿಸುವ ಕರಡೊಂದು ಹೊರಬಿದ್ದು, ವಿರೋಧ ಬಂದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ತಂದೆ ಜೊತೆಗಿದ್ದಾರೆ ಎಂಬುದು ಕಾನೂನಿಗೆ ಸಮಾಧಾನವಲ್ಲ. ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರೆ ಮುಜುಗರವಾಗುವುದು ಹುಡುಗನಿಗೆ. ಕೋಶೀಸ್‌ನಲ್ಲಿ ಆತನೊಂದಿಗೆ ಊಟ ಮಾಡಿ, ಅಲ್ಲಿಂದಲೇ ಬೀಳ್ಕೊಟ್ಟು ಮುಂದೆ ಹೋಗಿ.

ತಮಗೆ ಬಾಗಿಲಲ್ಲಿ ಎದುರಾಗಬಹುದಾದ ಇನ್ನೊಂದು ತೊಡಕಿದೆ. ನೃತ್ಯದ ವೇದಿಕೆಯಿರುವ ಕೆಲವು ಕಡೆ ಶನಿವಾರ ರಾತ್ರಿ ಗಂಡಸರಷ್ಟೇ ಇರುವ ಗುಂಪನ್ನು ಒಳಗೆ ಬಿಡುವುದಿಲ್ಲ, ಚಪ್ಪಲಿ ಹಾಕಿದವರನ್ನೂ ತಡೆಯುತ್ತಾರೆ. 2024ರಲ್ಲಿ ಪಂಚೆ ಉಟ್ಟ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಬೆಂಗಳೂರಿನ ಮಾಲೊಂದರಲ್ಲಿ ತಡೆದದ್ದಕ್ಕೆ ನಾಡೆಲ್ಲ ಸಿಟ್ಟಾಗಿತ್ತು, ಸರ್ಕಾರ ಆ ಮಾಲನ್ನು ಕೆಲವು ದಿನ ಮುಚ್ಚಿಸಿತ್ತು. ಆ ಸಿಟ್ಟು ನನ್ನದೂ ಹೌದು. ಆದರೆ ಗಂಡಸರ ಗುಂಪಿನ ಬಗೆಗಿನ ನಿಯಮಕ್ಕೆ ಕಾರಣ ಕೊಟ್ಟವರು ನಮ್ಮಂಥ ಗಂಡಸರೇ. ಪಕ್ಕದ ಮೇಜಿನಲ್ಲಿ ಹೆಣ್ಣುಮಕ್ಕಳು ಪರದೆ ಎಳೆದ ‘ಫ್ಯಾಮಿಲಿ ರೂಮ್’ ಇಲ್ಲದೆ, ತಮ್ಮ ಪಾಡಿಗೆ ತಾವು ನಗುತ್ತ ಕುಳಿತಿರುತ್ತಾರೆ. ಅವರನ್ನು ದಿಟ್ಟಿಸಿ ನೋಡುವುದಾಗಲಿ, ಗುಂಪಿನ ಫೋಟೋ ನೆಪದಲ್ಲಿ ಮೊಬೈಲು ಆ ಕಡೆ ತಿರುಗಿಸುವುದಾಗಲಿ ಆಗಕೂಡದು. ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಎಂದು ಸೇರಿಸಿದ್ದರೆ ಅದು ಕಡ್ಡಾಯವಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿಯೇ ಹೇಳಿದೆ. ತೆಗೆಯಿರಿ ಎಂದು ಸಭ್ಯವಾಗಿ ಕೇಳಬಹುದು. ಬಡಿಸಿದ ಹುಡುಗನಿಗೆ ಕೈಯಲ್ಲಿ ಕೊಡುವುದನ್ನು ಮಾತ್ರ ಮರೆಯಬೇಡಿ.

ಇನ್ನು ಕಾರಿನ ಮಾತು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರು. ಅದೇ ರಾತ್ರಿ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ಲಾರಿಗಳ ನಡುವೆ ಹಿಂದಿರುಗುವ ಯೋಚನೆಯನ್ನು ಕುಡಿಯದ ಗೆಳೆಯರ ಭರವಸೆಯ ಮೇಲೂ ಇಟ್ಟುಕೊಳ್ಳಬೇಡಿ. ಹಗಲೆಲ್ಲ ಓಡಾಡಿದವರಿಗೆ ಮಧ್ಯರಾತ್ರಿಯ ಮೇಲೆ ನಿದ್ದೆ ಬಂದೇ ಬರುತ್ತದೆ. ಕುಡಿದವರು ಚಕ್ರ ಹಿಡಿಯುವ ಪ್ರಶ್ನೆಯೇ ಇಲ್ಲ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅದು ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ರೈಲಿನಲ್ಲಿ ಹೋಗಿ. ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದರೆ ನೇರಳೆ ಮಾರ್ಗದ ಮೆಟ್ರೋ ಎಲ್ಲಿಯೂ ಬದಲಾಯಿಸದೆ ಎಂ.ಜಿ. ರಸ್ತೆಗೆ ಮುಟ್ಟಿಸುತ್ತದೆ, ಅಲ್ಲಿಂದ ಮುಂದಿನದೆಲ್ಲ ಕಾಲ್ನಡಿಗೆ. ನಾಲ್ಕಕ್ಕೆ ಕುಳಿತವರು ಒಂಬತ್ತರ ಹೊತ್ತಿಗೆ ಎದ್ದರೆ ರಾತ್ರಿ ಹನ್ನೊಂದರ ಆಸುಪಾಸಿಗೆ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಧಾರಾಳವಾಗಿ ಸಿಗುತ್ತದೆ. ಬೆಳಕು ಹರಿಯುವ ಮುಂಚೆ ಊರು. ರೈಲಿನಲ್ಲಿ ಕುಡಿದು ಗಲಾಟೆ ಮಾಡುವುದಕ್ಕೂ ರೈಲ್ವೆ ಕಾಯ್ದೆಯಲ್ಲಿ ಶಿಕ್ಷೆಯಿದೆ ಎಂಬುದನ್ನು ತಾರಸಿಯ ಹಟ ಹಿಡಿದ ಆ ಗೆಳೆಯರಿಗೆ ಮೊದಲೇ ತಿಳಿಸಿಡಿ. ಎರಡನೇ ಶನಿವಾರದ ರಾತ್ರಿಯ ಸ್ಲೀಪರ್ ಟಿಕೆಟು ಕೊನೆ ಗಳಿಗೆಯಲ್ಲಿ ಸಿಗುವುದಿಲ್ಲವಾದ್ದರಿಂದ ಆರೂ ಜನರ ಹೆಸರಿನಲ್ಲಿ ಈ ವಾರವೇ ಕಾಯ್ದಿರಿಸಿಕೊಳ್ಳಿ.

ಸಂಪಾದಕ